ಧರ್ಮಾರ್ಥ ಓಟಕ್ಕೆ ಯುದ್ಧಕಾಲದ ಶಸ್ತ್ರಾಭ್ಯಾಸ

ಜನವರಿ ಬಂತೆಂದರೆ ಚೆನ್ನೈಗೆ ಮ್ಯಾರಥಾನ್ ಬಂತು. ಈಚಿನ ವರ್ಷಗಳಲ್ಲಿ ಈ ಉತ್ಸಾಹ ನಮ್ಮವರ ಮನೆಗಳಿಗೂ ಕಾಲಿಟ್ಟಿದೆ. ಮಾಧವರಂನಿಂದ ಅಡೆಯಾರಿನವರೆಗೆ ನೆಲೆಸಿರುವ ಕನ್ನಡಿಗರ ಮಕ್ಕಳು ಕಚೇರಿಯ ಗೆಳೆಯರೊಡನೆ ಹೆಸರು ನೋಂದಾಯಿಸುತ್ತಾರೆ. ರೋಗಿಗಳಿಗೋ ಅನಾಥ ಮಕ್ಕಳಿಗೋ ಹಣ ಕೂಡಿಸುತ್ತೇವೆಂದು ಬಂಧುಬಳಗಕ್ಕೆಲ್ಲ ತಿಳಿಸುತ್ತಾರೆ. ಸಂತೋಷದ ಸಂಗತಿಯೇ. ಆದರೆ ನೋಂದಣಿಗೂ ಓಟಕ್ಕೂ ನಡುವೆ ಅಭ್ಯಾಸವೆಂಬುದೊಂದು ಉಂಟಷ್ಟೆ? ಅದನ್ನು ವಿಚಾರಿಸುವವರು ಯಾರೂ ಇಲ್ಲ. ಡಿಸೆಂಬರ್ ಕೊನೆಗೆ ಹೊಸ ಬೂಟು ಕೊಂಡು, ಎರಡು ಭಾನುವಾರ ಓಡಿ, 42.195 ಕಿಲೋಮೀಟರ್ ದೂರಕ್ಕೆ ಹೊರಟುಬಿಡುವ ಉತ್ತರಕುಮಾರರನ್ನು ನಾವು ಚಪ್ಪಾಳೆ ತಟ್ಟಿ ಕಳಿಸಿಕೊಡುತ್ತಿದ್ದೇವೆ. ಇದು ನಿಲ್ಲಬೇಕು.

"ಓಡುವುದು ಧರ್ಮಕ್ಕಾಗಿ, ಪದಕಕ್ಕಾಗಿ ಅಲ್ಲವಲ್ಲ! ಇಷ್ಟೆಲ್ಲ ಕಟ್ಟುನಿಟ್ಟು ಏಕೆ?" ಎಂದು ಕೇಳುವವರಿದ್ದಾರೆ. ಧರ್ಮಕ್ಕಾಗಿ ಎಂದ ಮೇಲೆ ಕಟ್ಟುನಿಟ್ಟು ಹೆಚ್ಚಬೇಕೇ ಹೊರತು ಕಡಿಮೆಯಾಗಬಾರದು. ನಾಲ್ಕು ಜನ ನಿಮ್ಮ ಮಾತು ನಂಬಿ ಹಣ ಕೊಡುವುದು ಏತಕ್ಕೆ? ನೀವು ಮೈಮುರಿದು ಒಂದು ಕಷ್ಟದ ಕೆಲಸ ಮಾಡುತ್ತೀರೆಂಬ ಭರವಸೆಯಿಂದ. ಆ ಶ್ರಮವೇ ಇಲ್ಲವಾದರೆ ಓಟದ ಸೋಗು ಏತಕ್ಕೆ? ಮನೆಯಲ್ಲೇ ಕುಳಿತು ಹಣ ಕಳಿಸಬಹುದು, ಪುಣ್ಯಕ್ಕೇನೂ ಕಡಿಮೆಯಾಗದು. ನೋಂದಣಿ ಶುಲ್ಕ ಕಟ್ಟಿದ್ದೇ ದಾನವೆಂದು ತಿಳಿಯುವುದೂ ಸರಿಯಲ್ಲ. ರಸ್ತೆಯ ವ್ಯವಸ್ಥೆ, ನೀರು, ವೈದ್ಯರು, ಅಂಗಿ, ಪದಕ ಇವುಗಳಿಗೆಲ್ಲ ಖರ್ಚಿದೆ.

ಧರ್ಮಾರ್ಥ ಓಟಕ್ಕೆ ಜಗತ್ತೇ ನೆನೆಯುವ ಹೆಸರು ಕೆನಡಾದ ಟೆರಿ ಫಾಕ್ಸ್. ಮೂಳೆಯ ಕ್ಯಾನ್ಸರಿನಿಂದ 1977ರಲ್ಲಿ ಬಲಗಾಲನ್ನು ಕಳೆದುಕೊಂಡ ಈ ತರುಣ 1980ರ ಏಪ್ರಿಲ್‌ನಲ್ಲಿ ಕೃತಕ ಕಾಲಿನಲ್ಲಿ ದೇಶದ ಉದ್ದಕ್ಕೂ ಓಡಲು ಹೊರಟ. 143 ದಿನಗಳಲ್ಲಿ 5,373 ಕಿಲೋಮೀಟರ್ ಕ್ರಮಿಸಿದ ಮೇಲೆ ರೋಗ ಶ್ವಾಸಕೋಶಕ್ಕೆ ಹರಡಿ ಓಟ ನಿಂತಿತು. 1981ರ ಜೂನ್‌ನಲ್ಲಿ ಆತ ತೀರಿಕೊಂಡ. ಅಷ್ಟರೊಳಗೆ ದೇಶದ ತಲೆಗೊಂದು ಡಾಲರ್‌ನಂತೆ ಎರಡು ಕೋಟಿ ನಲವತ್ತು ಲಕ್ಷ ಡಾಲರ್ ಕೂಡಿಬಂದಿತ್ತು. ಈ ಕಥೆಯನ್ನು ನಾವು ಹೇಳುವಾಗ ಒಂದು ಅಂಶವನ್ನು ಬಿಟ್ಟುಬಿಡುತ್ತೇವೆ. ಹೊರಡುವ ಮುಂಚೆ ಆತ ಒಂದು ವರ್ಷಕ್ಕೂ ಮೇಲ್ಪಟ್ಟು ಅಭ್ಯಾಸ ಮಾಡಿ ಸುಮಾರು ಐದು ಸಾವಿರ ಕಿಲೋಮೀಟರ್ ಓಡಿದ್ದ! ಜನ ಕಂಡ ಓಟದಷ್ಟೇ ದೂರ ಯಾರೂ ಕಾಣದ ಓಟವೂ ಇತ್ತು.

ದೇಹಕ್ಕೆ ನಮ್ಮ ಸದುದ್ದೇಶ ತಿಳಿಯದು. ಸ್ನಾಯುಗಳಲ್ಲಿ ಕೂಡಿಟ್ಟ ಸಕ್ಕರೆಯ ಸತ್ತ್ವ ಬಹುಮಂದಿಗೆ ಮೂವತ್ತು ಕಿಲೋಮೀಟರ್ ಆಸುಪಾಸಿನಲ್ಲಿ ಬರಿದಾಗುತ್ತ ಬರುತ್ತದೆ. ಉಳಿದ ಹನ್ನೆರಡು ಕಿಲೋಮೀಟರ್‌ಗಳಲ್ಲಿ ಕೈಹಿಡಿಯುವುದು ಅಭ್ಯಾಸವೊಂದೇ. ಉಸಿರು ಬೇಗ ಪಳಗುತ್ತದೆ, ಮೂಳೆ ಮತ್ತು ಸ್ನಾಯುರಜ್ಜುಗಳು ನಿಧಾನವಾಗಿ ಪಳಗುತ್ತವೆ. ಆದ್ದರಿಂದಲೇ ಆಗಲೇ ಒಂದಿಷ್ಟು ಓಡುವ ರೂಢಿಯಿದ್ದವರಿಗೂ ನಾಲ್ಕು ತಿಂಗಳ ಅಭ್ಯಾಸ ಬೇಕು. ವಾರಕ್ಕೊಂದು ದೀರ್ಘ ಓಟವನ್ನು ಮೆಲ್ಲಗೆ ಮೂವತ್ತು ಕಿಲೋಮೀಟರಿಗೆ ಏರಿಸಿ, ಕೊನೆಯ ಎರಡು ಮೂರು ವಾರ ಇಳಿಸಬೇಕು. ಚೆನ್ನೈಯ ತೇವದ ಗಾಳಿಯಲ್ಲಿ ಬೆವರು ಆರುವುದಿಲ್ಲ, ಮೈಯ ಕಾವು ಇಳಿಯುವುದಿಲ್ಲ. ಹಾಗೆಂದು ಸಿಕ್ಕಸಿಕ್ಕಲ್ಲಿ ನೀರು ಕುಡಿದರೂ ಅಪಾಯ: 2002ರ ಬಾಸ್ಟನ್ ಮ್ಯಾರಥಾನ್‌ನಲ್ಲಿ ರಕ್ತಪರೀಕ್ಷೆಗೆ ಒಳಗಾದ 488 ಓಟಗಾರರಲ್ಲಿ ಶೇಕಡಾ 13 ಮಂದಿಗೆ ಸೋಡಿಯಂ ಅಂಶ ಕುಸಿದಿತ್ತು. ಎಷ್ಟು ಕುಡಿಯಬೇಕು, ಯಾವಾಗ ನಿಲ್ಲಬೇಕು ಎಂಬುದೂ ಅಭ್ಯಾಸದಿಂದಲೇ ತಿಳಿಯುವ ವಿದ್ಯೆ. ಅದಿಲ್ಲದೆ ಹೋಗಿ ಕುಸಿದು ಬಿದ್ದವನು ಆಂಬುಲೆನ್ಸನ್ನೂ ವೈದ್ಯರನ್ನೂ ತನ್ನತ್ತ ಎಳೆದುಕೊಳ್ಳುತ್ತಾನೆ. ರೋಗಿಗಳಿಗೆ ನೆರವಾಗಲು ಹೊರಟವನು ತಾನೇ ರೋಗಿಯಾಗುವುದು ಯಾವ ಧರ್ಮ?

"ಮಾಧವರಂನಲ್ಲಿ ಓಡುವುದಾದರೂ ಎಲ್ಲಿ?" ಎಂಬ ಪ್ರಶ್ನೆ ಮಾತ್ರ ನ್ಯಾಯವಾದದ್ದು. ಮರೀನಾ, ಬೆಸೆಂಟ್ ನಗರದವರಿಗೆ ಕಡಲ ದಂಡೆಯಿದೆ. ನಮಗಿರುವುದು ಜಿ.ಎನ್.ಟಿ. ರಸ್ತೆಯ ಲಾರಿಗಳು, ವರ್ಷಗಟ್ಟಲೆ ಕಂಡ ಮೆಟ್ರೋ ಅಗೆತ. ಅದರ ಮೇಲೆ ಜನವರಿಯ ಓಟಕ್ಕೆ ಅಭ್ಯಾಸ ಮಾಡಬೇಕಾದ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ತಿಂಗಳುಗಳೇ ಇಲ್ಲಿ ಹಿಂಗಾರು ಮಳೆಯ ಕಾಲ; 2023ರ ಡಿಸೆಂಬರ್‌ನಲ್ಲಿ ಮಿಚಾಂಗ್ ಚಂಡಮಾರುತ ಈ ನಗರವನ್ನು ಹೇಗೆ ಮುಳುಗಿಸಿತೆಂದು ಮರೆತವರುಂಟೇ? ಮಾಧವರಂ 2011ರಲ್ಲಿ ಚೆನ್ನೈ ಮಹಾನಗರ ಪಾಲಿಕೆಗೆ ಸೇರಿತು. ಪಾಲಿಕೆಯ ತೆರಿಗೆ ಕಟ್ಟುವವರು ಪಾಲಿಕೆಯ ಕಾಲುದಾರಿಯನ್ನೂ ಕೇಳಬೇಕು. ಆದರೆ ದಾರಿಯಿಲ್ಲವೆಂಬುದು ಅಭ್ಯಾಸವಿಲ್ಲದೆ ಓಡುವುದಕ್ಕೆ ರಹದಾರಿಯಾಗಲಾರದು. ಮಳೆಗೆ ಮುಂಚೆಯೇ, ಜುಲೈ ಆಗಸ್ಟಿನಲ್ಲಿ, ಆರಂಭಿಸಬಹುದು. ವಾರದ ದಿನಗಳಲ್ಲಿ ಬಡಾವಣೆಯ ಒಳರಸ್ತೆಗಳಲ್ಲಿ ಸುತ್ತು ಹಾಕಿ, ಭಾನುವಾರ ನಾಲ್ಕಾರು ಜನ ಕೂಡಿ ಮರೀನಾಕ್ಕೆ ಹೋಗಬಹುದು. ಇದೂ ಆಗದಿದ್ದರೆ ಚಿಕ್ಕ ಓಟ ಸಾಕು. 2008ರಿಂದ ಬೆಂಗಳೂರಿನಲ್ಲಿ ನಡೆದುಬಂದಿರುವ ಹೆಸರಾಂತ ಓಟ ಹತ್ತೇ ಕಿಲೋಮೀಟರ್. ಅದರಿಂದ ಯಾರ ಮಾನವೂ ಹೋಗಿಲ್ಲ.

ಇನ್ನೊಂದು ಮಾತನ್ನು ಮನೆಯ ಹಿರಿಯರಿಗೆ ಹೇಳಬೇಕಾಗಿದೆ. ಮಗ ಬೆಳಗಿನ ಜಾವ ಓಡಲು ಎದ್ದರೆ ತಾಯಿಯೋ ಹೆಂಡತಿಯೋ ಎದ್ದು ಹಾಲು ಕಾಯಿಸುತ್ತಾರೆ. ಸೊಸೆ ಓಡುತ್ತೇನೆಂದರೆ ಮೊದಲು ತಿಂಡಿ, ಡಬ್ಬಿ, ಮಕ್ಕಳ ಶಾಲೆ. ಉಳಿದ ಹೊತ್ತಿನಲ್ಲಿ ಅವಳ ಅಭ್ಯಾಸ. ಹೊತ್ತು ಉಳಿಯುವುದೂ ಇಲ್ಲ. ಆಮೇಲೆ ಅವಳು ಅರ್ಧ ದಾರಿಯಲ್ಲಿ ನಿಂತರೆ "ಹೆಂಗಸರಿಗೇಕೆ ಇದೆಲ್ಲ?" ಎಂಬ ಮಾತು ಬೇರೆ! ನಾಲ್ಕು ತಿಂಗಳ ಆ ಬೆಳಗುಗಳನ್ನು ಅವಳಿಗೆ ಬಿಟ್ಟುಕೊಡುವುದೇ ಮನೆಯವರು ಸಲ್ಲಿಸಬೇಕಾದ ದಾನ. ಇದಕ್ಕೆ ರಸೀದಿ ಸಿಗುವುದಿಲ್ಲ, ನಿಜ.

ಸಂಘಗಳೂ ಪದಕ ಧರಿಸಿ ಬಂದವರನ್ನೆಲ್ಲ ವೇದಿಕೆಗೆ ಕರೆದು ಶಾಲು ಹೊದಿಸುವುದನ್ನು ಬಿಡಲಿ. ಹೊರಡುವ ಮುಂಚೆ ಮೂರು ಪ್ರಶ್ನೆ ಕೇಳಲಿ: ಎಷ್ಟು ವಾರ ಓಡಿದ್ದೀರಿ? ನಲವತ್ತು ದಾಟಿದವರು ವೈದ್ಯರಿಗೆ ತೋರಿಸಿದ್ದೀರಾ? ಕೂಡಿಸಿದ ಹಣ ಯಾರಿಗೆ, ಎಷ್ಟು ತಲುಪುತ್ತದೆ? ಮೂರಕ್ಕೂ ಉತ್ತರವಿದ್ದವರು ಸುಖವಾಗಿ ಓಡಿಬರಲಿ. ಇಲ್ಲದವರು ಈ ವರ್ಷ ದಾರಿಯ ಬದಿಯಲ್ಲಿ ನಿಂತು ನೀರು ಹಂಚಲಿ. ಅದೂ ಸೇವೆಯೇ, ಅಭ್ಯಾಸಕ್ಕೆ ಮುಂದಿನ ಜುಲೈ ಇದ್ದೇ ಇದೆ.