ಹೂಕುಂಡ ಲಾರಿ ತಡೆಯುತ್ತಾ? ಪೇಟೆ ಬೀದಿಯ ಸುರಕ್ಷತೆಗೆ ಬೇಕಿರುವುದೇನು

2025ರ ಸೆಪ್ಟೆಂಬರ್ 12ರ ರಾತ್ರಿ ಹಾಸನ ತಾಲ್ಲೂಕಿನ ಮೊಸಳೆಹೊಸಹಳ್ಳಿಯಲ್ಲಿ ಗಣಪತಿ ವಿಸರ್ಜನೆ ಮೆರವಣಿಗೆ ಮೇಲೆ ಟ್ರಕ್ ಹರಿಯಿತು. ಕನಿಷ್ಠ 9 ಮಂದಿ ಜೀವ ಕಳೆದುಕೊಂಡರು. ಸತ್ತವರಲ್ಲಿ ಕಾಲೇಜು ಹುಡುಗರೂ ಇದ್ದರು. ಅದು ಯಾರೋ ಬೇಕಂತಲೇ ಮಾಡಿದ ದಾಳಿಯಲ್ಲ, ಅಪಘಾತ. ಆದರೆ ಜನ ಸೇರಿದ ಜಾಗಕ್ಕೂ ಓಡುವ ವಾಹನಕ್ಕೂ ನಡುವೆ ಗಟ್ಟಿಯಾದದ್ದು ಏನಾದರೂ ಇರಬೇಕಲ್ಲವೇ ಎಂಬ ಪ್ರಶ್ನೆಯನ್ನು ಆ ರಾತ್ರಿ ಎದುರಿಗಿಟ್ಟಿತು.

ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಪಟ್ಟಣಗಳಿಗೆ ಈ ಪ್ರಶ್ನೆ ದೂರದ್ದೇನಲ್ಲ. ಇಲ್ಲಿ ಪೇಟೆ ಬೀದಿ ಬೇರೆ, ಊರೂರಿಗೆ ಹೋಗುವ ದಾರಿ ಬೇರೆ ಅಂತ ಇಲ್ಲ. ಶಿವಮೊಗ್ಗ–ಹರಿಹರ ರಸ್ತೆ ಹೊನ್ನಾಳಿಯನ್ನು ಹಾದೇ ಹೋಗುತ್ತದೆ. ಅಡಿಕೆ, ಮೆಕ್ಕೆಜೋಳ, ಭತ್ತ ಹೊತ್ತ ಲಾರಿ, ಟ್ರ್ಯಾಕ್ಟರ್‌ಗಳು ಬಟ್ಟೆ ಅಂಗಡಿ, ಕಿರಾಣಿ ಅಂಗಡಿ ಮುಂದೆಯೇ ಓಡಾಡುತ್ತವೆ. ಸಂತೆ, ಜಾತ್ರೆ, ಹಬ್ಬದ ದಿನ ಅದೇ ರಸ್ತೆಯಲ್ಲಿ ಹೆಂಗಸರು, ಮಕ್ಕಳು ಕಾಲಿಡಲು ಜಾಗವಿಲ್ಲದಂತೆ ತುಂಬಿರುತ್ತಾರೆ.

ಹೊರದೇಶಗಳ ನಗರಗಳು ಇದಕ್ಕೆ ಕಂಡುಕೊಂಡ ಒಂದು ದಾರಿ ದೊಡ್ಡ ದೊಡ್ಡ ಕಾಂಕ್ರೀಟ್ ಹೂಕುಂಡ. ನೋಡಲು ಅಲಂಕಾರ, ಕೆಲಸ ಮಾತ್ರ ತಡೆಗೋಡೆಯದು. 2016ರ ಜುಲೈ 14ರಂದು ಫ್ರಾನ್ಸ್‌ನ ನೀಸ್ ನಗರದಲ್ಲಿ ಜನರ ಮೇಲೆ ಲಾರಿ ನುಗ್ಗಿಸಿ 86 ಮಂದಿಯನ್ನು ಕೊಂದ ಮೇಲೆ, ಅದೇ ಡಿಸೆಂಬರ್‌ನಲ್ಲಿ ಬರ್ಲಿನ್‌ನ ಕ್ರಿಸ್‌ಮಸ್ ಮಾರುಕಟ್ಟೆಗೆ ಲಾರಿ ನುಗ್ಗಿದ ಮೇಲೆ ಇಂಥ ಕುಂಡಗಳು, ಕಾಂಕ್ರೀಟ್ ದಿಮ್ಮಿಗಳು, ಉಕ್ಕಿನ ಕಂಬಗಳು ಪೇಟೆ ಬೀದಿಗಳ ಬಾಯಲ್ಲಿ ಹೆಚ್ಚಾದವು. ನಾಳೆ ನಮ್ಮ ಪಟ್ಟಣಗಳಿಗೂ ‘ಸೌಂದರ್ಯೀಕರಣ’ದ ಹೆಸರಲ್ಲಿ ಕುಂಡಗಳು ಬಂದರೆ ಅವು ಜೀವ ಉಳಿಸುವ ಕುಂಡಗಳೋ, ಬಿಲ್ ಆಗುವ ಕುಂಡಗಳೋ ಎಂದು ಕೇಳಲು ಜನರಿಗೆ ಗೊತ್ತಿರಬೇಕು.

ತೂಕದ ಲೆಕ್ಕ

ಎರಡಡಿ ಉದ್ದ, ಎರಡಡಿ ಅಗಲ, ಎರಡಡಿ ಎತ್ತರದ ಕಾಂಕ್ರೀಟ್ ಕುಂಡಕ್ಕೆ ಮಣ್ಣು ತುಂಬಿದರೆ ಹೆಚ್ಚೂಕಡಿಮೆ ನಾಲ್ಕೂವರೆ ಕ್ವಿಂಟಲ್ ಬರುತ್ತದೆ. ಆರು ಚಕ್ರದ ಲಾರಿ ಲೋಡ್ ಸಮೇತ ಕಾನೂನು ಪ್ರಕಾರವೇ 18.5 ಟನ್ ವರೆಗೆ ತೂಗಬಹುದು. ಅಂದರೆ ಕುಂಡದ ನಲವತ್ತು ಪಟ್ಟು. ಅದರ ಮೇಲೆ ವೇಗದ ಲೆಕ್ಕ ಬೇರೆ. ಗಂಟೆಗೆ 30 ಕಿ.ಮೀ. ವೇಗದ ಲಾರಿ 60ಕ್ಕೆ ಏರಿದರೆ ಡಿಕ್ಕಿಯ ಶಕ್ತಿ ಎರಡು ಪಟ್ಟಲ್ಲ, ನಾಲ್ಕು ಪಟ್ಟಾಗುತ್ತದೆ. ರಸ್ತೆ ಮೇಲೆ ಸುಮ್ಮನೆ ಇಟ್ಟ ಕುಂಡ ಅಂಥ ಹೊಡೆತಕ್ಕೆ ನಿಲ್ಲುವುದಿಲ್ಲ. ಜಾರಿಕೊಂಡು ಹೋಗಿ ಹಿಂದೆ ನಿಂತವರಿಗೇ ಬಡಿಯಬಹುದು.

ಹಾಗಾಗಿ ನಿಜವಾದ ತಡೆಕುಂಡಗಳಿಗೆ ಒಳಗೆ ಕಬ್ಬಿಣದ ಕಟ್ಟು ಇರುತ್ತದೆ. ಕೆಲವನ್ನು ನೆಲದೊಳಗೆ ತಳಪಾಯ ಹಾಕಿ ಬಿಗಿಯುತ್ತಾರೆ. ಎರಡು ಕುಂಡಗಳ ನಡುವಿನ ಸಂದಿ 1.2 ಮೀಟರ್ ದಾಟದಂತೆ ನೋಡಿಕೊಳ್ಳುತ್ತಾರೆ. ಆ ಸಂದಿಯಲ್ಲಿ ಗಾಲಿಕುರ್ಚಿ, ಮಗುವಿನ ತಳ್ಳುಬಂಡಿ ಹೋಗುತ್ತವೆ, ಕಾರು, ಲಾರಿ ನುಗ್ಗುವುದಿಲ್ಲ. ಪ್ಲಾಸ್ಟಿಕ್ ಕುಂಡ, ಟೊಳ್ಳು ಫೈಬರ್ ಕುಂಡ, ಚಕ್ರ ಇರುವ ತಗಡಿನ ಬ್ಯಾರಿಕೇಡ್ ಇವ್ಯಾವೂ ಓಡುವ ಲಾರಿಗೆ ತಡೆಯಲ್ಲ. ಬ್ಯಾರಿಕೇಡ್ ಇರುವುದು ‘ಈ ಕಡೆ ಬರಬೇಡ’ ಎಂದು ಹೇಳಲು. ಬ್ರೇಕ್ ಫೇಲಾದ ಲಾರಿಗೆ ಆ ಮಾತು ಕೇಳಿಸುವುದಿಲ್ಲ.

ಸಂದಿ ಬಿಟ್ಟಲ್ಲೇ ಅನಾಹುತ

ಗಟ್ಟಿ ಕುಂಡ ಇಟ್ಟ ಮಾತ್ರಕ್ಕೂ ಮುಗಿಯಲಿಲ್ಲ. 2024ರ ಡಿಸೆಂಬರ್ 20ರಂದು ಜರ್ಮನಿಯ ಮಾಗ್ಡೆಬರ್ಗ್ ಮಾರುಕಟ್ಟೆಯ ಸುತ್ತ ಕಾಂಕ್ರೀಟ್ ದಿಮ್ಮಿಗಳಿದ್ದವು. ಆಂಬುಲೆನ್ಸ್‌ಗೆಂದು ಬಿಟ್ಟಿದ್ದ ದಾರಿಯಲ್ಲೇ ಕಾರು ಒಳಗೆ ಬಂತು. 2025ರ ಜನವರಿ 1ರ ನಸುಕಿನಲ್ಲಿ ಅಮೆರಿಕದ ನ್ಯೂ ಆರ್ಲಿಯನ್ಸ್‌ನ ಬೌರ್ಬನ್ ಬೀದಿಯಲ್ಲಿ 14 ಮಂದಿ ಸತ್ತರು. ಅಲ್ಲಿ ಹಳೆಯ ತಡೆಕಂಬಗಳನ್ನು ಬದಲಿಸುವ ಕೆಲಸ ಇನ್ನೂ ಮುಗಿದಿರಲಿಲ್ಲ. ಅಡ್ಡ ನಿಲ್ಲಿಸಿದ್ದ ಪೊಲೀಸ್ ಕಾರನ್ನು ಬಳಸಿ, ಫುಟ್‌ಪಾತ್ ಮೇಲೆ ಹತ್ತಿಸಿ ವಾಹನ ನುಗ್ಗಿಸಲಾಯಿತು.

ಹಾಗಂತ ಸಂದಿಯನ್ನೇ ಮುಚ್ಚಿಬಿಟ್ಟರೆ ಅಂಗಡಿಗೆ ಬೆಂಕಿ ಬಿದ್ದ ದಿನ ಗತಿಯೇನು? ಅಗ್ನಿಶಾಮಕ ವಾಹನ ಸುಮಾರು ಎರಡೂವರೆ ಮೀಟರ್ ಅಗಲ. ಅದಕ್ಕೆ ದಾರಿ ಇರಲೇಬೇಕು, ಆ ದಾರಿಗೆ ತೆಗೆದು ಹಾಕುವ ತಡೆ ಇರಬೇಕು, ಅದನ್ನು ತೆಗೆಯುವ ಜವಾಬ್ದಾರಿ ಹೊತ್ತ ಮನುಷ್ಯ ಅಲ್ಲೇ ಇರಬೇಕು. ಕೀಲಿ ಯಾರ ಹತ್ರ ಐತಿ ಅಂತ ಹುಡುಕುತ್ತಾ ಕೂತರೆ ಅಂಗಡಿ ಬೂದಿಯಾಗಿರುತ್ತದೆ.

ಕಳ್ಳರಿಗೆ ಇದು ಮದ್ದಲ್ಲ

ಸುರಕ್ಷತೆ ಅಂದರೆ ವ್ಯಾಪಾರಸ್ಥರಿಗೆ ಮೊದಲು ನೆನಪಾಗುವುದು ಕಳ್ಳತನ. 2024ರ ಅಕ್ಟೋಬರ್‌ನಲ್ಲಿ ನ್ಯಾಮತಿಯ ಎಸ್‌ಬಿಐ ಶಾಖೆಯಿಂದ 17 ಕಿಲೊಗೂ ಹೆಚ್ಚು ಚಿನ್ನ ಹೋದದ್ದನ್ನು ತಾಲ್ಲೂಕಿನ ಜನ ಮರೆತಿಲ್ಲ. ಅಲ್ಲಿ ಕಳ್ಳರು ಬಂದದ್ದು ಕಿಟಕಿ ಮೂಲಕ, ಲಾಕರ್ ಕೊರೆದದ್ದು ಗ್ಯಾಸ್ ಕಟರ್‌ನಿಂದ. ರಸ್ತೆಯ ಕುಂಡ ಅಂಥದ್ದನ್ನು ತಡೆಯುವುದಿಲ್ಲ. ಎರಡನ್ನೂ ‘ಭದ್ರತೆ’ ಅಂತ ಒಂದೇ ಚೀಲಕ್ಕೆ ಹಾಕಿದರೆ ದುಡ್ಡು ತಪ್ಪು ಕಡೆ ಹೋಗುತ್ತದೆ.

ಕುಂಡ ಬಂದರೆ ಯಾರು ಏಳಬೇಕು?

ಕುಂಡಕ್ಕೂ ಜಾಗ ಬೇಕು. ಭಾರತೀಯ ರಸ್ತೆ ಕಾಂಗ್ರೆಸ್‌ನ ಮಾರ್ಗಸೂಚಿ ಪ್ರಕಾರ ಫುಟ್‌ಪಾತ್‌ನಲ್ಲಿ ಕನಿಷ್ಠ 1.8 ಮೀಟರ್ ನಡೆಯಲು ಖಾಲಿ ಇರಬೇಕು. ತಾಲ್ಲೂಕು ಕೇಂದ್ರಗಳಲ್ಲಿ ಅಷ್ಟು ಅಗಲದ ಫುಟ್‌ಪಾತ್ ಹುಡುಕಿದರೂ ಸಿಗುವುದು ಕಷ್ಟ. ಅಂಥಲ್ಲಿ ಕುಂಡ ಇಟ್ಟರೆ ಜನ ರಸ್ತೆಗೆ ಇಳಿಯುತ್ತಾರೆ. ತಪ್ಪಿಸಬೇಕಿದ್ದ ಅಪಾಯಕ್ಕೇ ಅವರನ್ನು ತಳ್ಳಿದಂತಾಗುತ್ತದೆ.

ಇನ್ನು ಸೊಪ್ಪು, ಹೂವು, ಬಾಳೆಹಣ್ಣು ಮಾರುವವರ ಪಾಡು. ಕುಂಡದ ನೆಪದಲ್ಲಿ ಮೊದಲು ಏಳಬೇಕಾಗುವುದು ಅವರೇ. 2014ರ ಬೀದಿ ಬದಿ ವ್ಯಾಪಾರಿಗಳ ಕಾಯ್ದೆ ಪ್ರಕಾರ ಪಟ್ಟಣ ಮಾರಾಟ ಸಮಿತಿಯಲ್ಲಿ ಶೇ 40ಕ್ಕೆ ಕಡಿಮೆಯಿಲ್ಲದಷ್ಟು ಸದಸ್ಯರು ವ್ಯಾಪಾರಿಗಳೇ ಇರಬೇಕು. ಕುಂಡದ ಜಾಗ ಗುರುತಿಸುವ ಮೊದಲು ವಿಷಯ ಆ ಸಮಿತಿ ಮುಂದೆ ಬರಬೇಕು, ಅಂಗಡಿ ಮಾಲೀಕರನ್ನೂ ಕೂರಿಸಿ ಮಾತಾಡಬೇಕು. ಸರಕು ಇಳಿಸುವ ಗಾಡಿ ಎಲ್ಲಿ ನಿಲ್ಲಬೇಕು ಎಂಬುದು ಅಧಿಕಾರಿಗಿಂತ ಅಂಗಡಿಯವನಿಗೆ ಚೆನ್ನಾಗಿ ಗೊತ್ತು.

ನೀರಿನ ಮಾತೂ ಇದೆ. ಬರಕ್ಕೆ ಹೆಸರಾದ ಜಗಳೂರಿನಲ್ಲಿ ಬೇಸಿಗೆಯಲ್ಲಿ ರಸ್ತೆ ಕುಂಡಕ್ಕೆ ನೀರು ಹಾಕೋರು ಯಾರು? ಗಿಡ ಒಣಗಿದ ಕುಂಡ ಎರಡೇ ತಿಂಗಳಲ್ಲಿ ಗುಟ್ಕಾ ಉಗುಳುವ ತೊಟ್ಟಿಯಾಗುತ್ತದೆ. ತಡೆ ಒಡ್ಡುವುದು ಗಿಡವಲ್ಲ, ತೂಕ. ಗಿಡ ಬೆಳೆಸಲು ಆಗದ ಕಡೆ ಕಾಂಕ್ರೀಟ್ ದಿಮ್ಮಿಯನ್ನೇ ಕೂರುವ ಕಟ್ಟೆಯಂತೆ ಕಟ್ಟಿದರೂ ಸಾಕು.

ಕಡಿಮೆ ಖರ್ಚಿನ ದಾರಿ

ನಮ್ಮ ಪೇಟೆಗಳಲ್ಲಿ ಅಪಾಯ ವರ್ಷವಿಡೀ ಒಂದೇ ಸಮ ಇರುವುದಿಲ್ಲ. ಸಂತೆ ದಿನ, ಜಾತ್ರೆ, ದೀಪಾವಳಿ ಹಿಂದಿನ ಸಂಜೆಗಳು, ಗಣಪತಿ ಮೆರವಣಿಗೆಯ ರಾತ್ರಿ, ಇಂಥ ಕೆಲವೇ ಗಂಟೆಗಳಲ್ಲಿ ಅದು ಹೆಚ್ಚು. ಬೆಂಗಳೂರಿನಲ್ಲಿ ಡಿಸೆಂಬರ್ 31ರ ರಾತ್ರಿ ಎಂ.ಜಿ. ರಸ್ತೆ, ಬ್ರಿಗೇಡ್ ರಸ್ತೆ, ಚರ್ಚ್ ಸ್ಟ್ರೀಟ್‌ಗೆ ವಾಹನ ಬಿಡುವುದಿಲ್ಲ. ಆ ಕ್ರಮ ಇಲ್ಲಿಗೂ ಒಗ್ಗುತ್ತದೆ. ಮೋಟಾರು ವಾಹನ ಕಾಯ್ದೆಯ 115ನೇ ಕಲಂ ಪ್ರಕಾರ ಜನರ ಸುರಕ್ಷತೆಗಾಗಿ ಒಂದು ರಸ್ತೆಯಲ್ಲಿ ವಾಹನ ಸಂಚಾರ ನಿರ್ಬಂಧಿಸಲು ರಾಜ್ಯ ಸರ್ಕಾರಕ್ಕೆ, ಅದು ಅಧಿಕಾರ ಕೊಟ್ಟ ಪ್ರಾಧಿಕಾರಕ್ಕೆ ಅವಕಾಶವಿದೆ.

ಹೀಗೆ ಬಂದ್ ಮಾಡಿದ ರಸ್ತೆಯ ಎರಡೂ ತುದಿಯಲ್ಲಿ ತಗಡಿನ ಬ್ಯಾರಿಕೇಡ್ ಹಿಂದೆ ಮರಳು ತುಂಬಿದ ಟಿಪ್ಪರ್ ಅಡ್ಡ ನಿಲ್ಲಿಸಬಹುದು. ಜನರಿಂದ ಸಾಕಷ್ಟು ದೂರದಲ್ಲಿ ನಿಲ್ಲಿಸಬೇಕು, ಚಾಲಕ ಹತ್ತಿರವೇ ಇರಬೇಕು, ಆಂಬುಲೆನ್ಸ್ ಬಂದರೆ ತಕ್ಷಣ ಸರಿಸಬೇಕು. ಮೊದಲೇ ಬದಲಿ ದಾರಿ ತೋರಿಸಿದರೆ ಲಾರಿಗಳು ಪೇಟೆಯೊಳಗೆ ಬಂದು ಸಿಕ್ಕಿಕೊಳ್ಳುವುದೂ ಇಲ್ಲ. ಗಿರಾಕಿ ಬರಲ್ಲ ಅನ್ನುವ ಅಂಗಡಿಯವರ ಭಯಕ್ಕೂ ಉತ್ತರ ಬೇಕು. ಹತ್ತಿರದಲ್ಲೇ ಪಾರ್ಕಿಂಗ್ ಜಾಗ ಗೊತ್ತು ಮಾಡಿ, ಸರಕು ಇಳಿಸಲು ಬೆಳಗಿನ ಹೊತ್ತು ಬಿಟ್ಟುಕೊಟ್ಟರೆ ಆ ಭಯ ಕಡಿಮೆಯಾಗುತ್ತದೆ.

ಕುಂಡಕ್ಕೆ ಹಣ ಕೇಳುವ ಕಡತ ಪುರಸಭೆಗೋ ಪಟ್ಟಣ ಪಂಚಾಯಿತಿಗೋ ಬಂದ ದಿನ ಸದಸ್ಯರು ಕೇಳಬೇಕಾದದ್ದು ಇಷ್ಟೇ: ಒಂದೊಂದರ ತೂಕ ಎಷ್ಟು, ನೆಲಕ್ಕೆ ಬಿಗಿಯುತ್ತೀರಾ, ಸಂದಿ ಎಷ್ಟು, ತುರ್ತು ದಾರಿ ತೆಗೆಯೋರು ಯಾರು, ನೀರು ಹಾಕೋರು ಯಾರು, ಅಲ್ಲಿ ಈಗ ಕೂತು ಮಾರುವವರು ಎಲ್ಲಿಗೆ ಹೋಗಬೇಕು. ಇದಕ್ಕೆ ಬರಹದಲ್ಲಿ ಉತ್ತರ ಸಿಗದಿದ್ದರೆ ಆ ಹಣವನ್ನು ಮುಂದಿನ ಗಣಪತಿ ಹಬ್ಬದ ರಾತ್ರಿಯ ಬಂದೋಬಸ್ತಿಗೆ, ಬೀದಿ ದೀಪಕ್ಕೆ ಎತ್ತಿಡುವುದೇ ಲೇಸು.