ಸುಣ್ಣದ ಗಡಿಗೆ, ದ್ರಾಕ್ಷಿಯ ಗಡಿಗೆ

ಕಾಲೇಜಿನಲ್ಲಿ ಕನ್ನಡ ಕಲಿಸುವವನೊಬ್ಬನು ತನ್ನ ಮನೆಯ ಗೋಡೆಗೆ ತಾನೇ ಗಿಲಾವು ಮಾಡಿಕೊಂಡರೆ ಊರಿಗೆ ಏನು ಕೇಡಾದೀತು? ಏಕಸಂಬಿಯಲ್ಲಿ ಆದ ಕೇಡನ್ನು ವಾಚಕರ ಮುಂದಿಡುತ್ತೇನೆ. ತೀರ್ಪು ಅವರಿಗೇ ಸೇರಿದ್ದು.

2019ರ ಆಗಸ್ಟ್ ತಿಂಗಳಲ್ಲಿ ದೂಧಗಂಗೆ ದಂಡೆ ಮೀರಿ ಬಂದಾಗ ನಮ್ಮ ಹಿತ್ತಲ ಗೋಡೆ ಮೊಣಕಾಲುಮಟ್ಟ ನೀರಿನಲ್ಲಿ ನಿಂತಿತು. ಅದು ನಮ್ಮಜ್ಜ ಕಟ್ಟಿಸಿದ ಮಣ್ಣಿನ ಗೋಡೆ. ತಂದೆಯವರು ತಮ್ಮ ಕಾಲದಲ್ಲಿ ಅದಕ್ಕೆ ಸಿಮೆಂಟಿನ ಗಿಲಾವು ಮಾಡಿಸಿದ್ದರು. ನೀರು ಇಳಿಯಿತು, ಗೋಡೆ ಬೀಳಲಿಲ್ಲ. ಆದರೆ ಒಳಗಿನ ಹಸಿ ಹೊರಬರಲು ದಾರಿಯಿಲ್ಲದೆ ಸಿಮೆಂಟು ಹಪ್ಪಳದಂತೆ ಎದ್ದು ಉದುರತೊಡಗಿತು. ಎರಡು ಸಲ ಮತ್ತೆ ಹಚ್ಚಿಸಿದೆವು. ಎರಡು ಸಲವೂ ಉದುರಿತು. ಕಳೆದ ಬೇಸಿಗೆಯಲ್ಲಿ ಊರಿನ ಮುದಿ ಗವಂಡಿಯೊಬ್ಬನನ್ನು ಕರೆತಂದು ತೋರಿಸಿದೆ. ಆತ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿ, “ಮಣ್ಣಿನ ಗ್ವಾಡಿಗೆ ಸಿಮೆಂಟ ಹಚ್ಚೂದಂದ್ರ ಬೆವರು ಮೈಗೆ ರಬ್ಬರ ಅಂಗಿ ತೊಡಿಸಿದಾಂಗ್ರಿ ಮಾಸ್ತರ. ಸುಣ್ಣ ಹಚ್ರಿ. ನನ್ನ ಕೈ ನಡಗತಾವು, ನಾ ಹೇಳತೇನಿ, ನೀವ ಮಾಡ್ರಿ” ಎಂದ.

ಮಾಡಿದೆ. ಸುಟ್ಟ ಸುಣ್ಣದ ಹರಳುಗಳನ್ನು ನೀರಿಗೆ ಹಾಕಿದಾಗ ಅವು ಕುದಿಯುವ ಸದ್ದು ಕೇಳಿ ಅವ್ವ ಒಳಗಿನಿಂದ ಓಡಿಬಂದಳು. ಅರಳಿದ ಸುಣ್ಣವನ್ನು ಹದಿನೈದು ದಿವಸ ನೀರಿನಲ್ಲಿಯೇ ಬಿಟ್ಟೆ. ಇನ್ನೊಂದು ಡ್ರಮ್ಮಿನಲ್ಲಿ ಬೆಲ್ಲವನ್ನೂ ಕುಟ್ಟಿದ ಅಳಲೆಕಾಯಿಯನ್ನೂ ನೆನೆಯಿಟ್ಟೆ. ಹಿಂದಿನವರು ಗಾರೆಗೆ ಬಳಸಿದ ರಸವೇ ಇದು. ಕೆಲವು ದಿನ ಹುಳಿತ ಮೇಲೆ ಅದನ್ನು ಸುಣ್ಣ-ಉಸುಕಿಗೆ ಕಲಸಿದರೆ ಗಾರೆ ಗಟ್ಟಿಯಾಗುತ್ತದೆ, ಬಿರುಕು ಬಿಡುವುದಿಲ್ಲ. ಮೂರನೆಯ ದಿವಸ ಡ್ರಮ್ಮಿನಲ್ಲಿ ನೊರೆ ಎದ್ದಿತು. ನಾಲ್ಕನೆಯ ದಿವಸ ವಾಸನೆ ಓಣಿಗೆ ಹೋಯಿತು. ಐದನೆಯ ದಿವಸ ಸುದ್ದಿ ನನಗಿಂತ ಮೊದಲೇ ಕಾಲೇಜು ಮುಟ್ಟಿತ್ತು.

“ಏನ್ರೀ ಸರ, ಪಗಾರ ಸಾಲವಲ್ದೇನು? ಹಿತ್ತಲದಾಗ ಭಟ್ಟಿ ಹೂಡೀರಂತ?” ಎಂದು ಸಹೋದ್ಯೋಗಿಗಳೊಬ್ಬರು ಕೇಳಿದರು. ಅದು ಗೋಡೆಯ ಗಾರೆಗೆಂದು ತಿಳಿಸಿ ಹೇಳಿದೆ. ಅವರ ಮುಖ ತಿಳಿಯಾಗುವ ಬದಲು ಇನ್ನಷ್ಟು ಕಪ್ಪಿಟ್ಟಿತು. “ಅಂದ್ರ ಗವಂಡಿ ಕೆಲಸಾ ನೀವ ಮಾಡಾಕತ್ತೀರಿ? ಎಂ. ಎ. ಆದವರು?” ಭಟ್ಟಿಯ ಸಂಶಯದಲ್ಲಾದರೂ ಅವರಿಗೆ ಒಂದಿಷ್ಟು ವಿನೋದವಿತ್ತು, ಗವಂಡಿತನದಲ್ಲಿ ಅದೂ ಇರಲಿಲ್ಲ.

ಹೀಗೆ ನನ್ನ ಮೇಲೆ ಎರಡು ಆರೋಪಗಳು ಬಂದವು: ಕರಣಿ ಹಿಡಿದದ್ದು ಒಂದು, ಹುಳಿಯಿಟ್ಟದ್ದು ಇನ್ನೊಂದು. ಎರಡಕ್ಕೂ ಉತ್ತರ ಕೊಡುವುದು ಈ ಲೇಖನದ ಉದ್ದೇಶ. ಎರಡೂ ಬೇರೆ ಬೇರೆ ಆರೋಪಗಳೆಂದು ಮೇಲುನೋಟಕ್ಕೆ ಕಂಡರೂ ಅವುಗಳ ಬೇರು ಒಂದೇ ಎಂಬುದು ನನ್ನ ವಾದ.

ಮೊದಲು ಕರಣಿಯ ಮಾತು. ಕಾಯಕದ ಮಹಿಮೆಯನ್ನು ನಾವು ಶಾಲೆಯ ಗೋಡೆಯ ಮೇಲೆ ದಪ್ಪಕ್ಷರಗಳಲ್ಲಿ ಬರೆಸುತ್ತೇವೆ. ಆ ಗೋಡೆಗೆ ಸುಣ್ಣ ಹಚ್ಚಲು ಮಾತ್ರ ಆಳು ಬೇಕು. ಶರಣರ ಕಾಯಕದ ಮೇಲೆ ನಾನೇ ಎಷ್ಟು ಭಾಷಣ ಮಾಡಿಲ್ಲ! ಅಂಬಿಗ, ಮಡಿವಾಳ, ನೂಲಿನವ, ಕೊನೆಗೆ ಹೆಂಡ ಮಾರುವುದನ್ನೇ ಕಾಯಕ ಮಾಡಿಕೊಂಡ ಹೆಂಡದ ಮಾರಯ್ಯನೂ ವಚನಕಾರರ ಸಾಲಿನಲ್ಲಿ ಕುಳಿತ ಸಂಗತಿಯನ್ನು ಪ್ರತಿ ವರ್ಷ ವರ್ಗದಲ್ಲಿ ಹೇಳುತ್ತೇನೆ. ಹೇಳಿ ಮನೆಗೆ ಬಂದರೆ ನಲ್ಲಿಯಿಂದ ತೊಟ್ಟಿಕ್ಕುವ ನೀರಿನ ಕೆಳಗೆ ಬಕೀಟು. ಒಂದು ವಾಷರಿನ ಬೆಲೆ ಕೆಲವೇ ರೂಪಾಯಿ, ಹಾಕಲು ಹತ್ತು ನಿಮಿಷ. ಆದರೆ ನಾಲ್ಕು ದಿವಸ ಪ್ಲಂಬರನ ದಾರಿ ಕಾಯುತ್ತ ಬಕೀಟು ಬದಲಿಸಿದವನು ನಾನೇ. ನಮ್ಮ ಕೈಗಳಿಗೆ ಏನಾಗಿದೆ?

ಏನಾಗಿದೆಯೆಂಬುದು ಎಲ್ಲರಿಗೂ ಗೊತ್ತು, ಹೇಳುವವರು ಕಡಿಮೆ. ಅಕ್ಷರ ಕಲಿತವನ ಕೈಗೆ ಮಣ್ಣು ತಾಗಬಾರದೆಂಬುದು ನಮ್ಮ ಜಾತಿಪದ್ಧತಿ ಕಲಿಸಿದ ಮೊದಲ ಪಾಠ. ಆ ಪಾಠವನ್ನು ವರ್ಣದವರಿಂದ ಮಿಕ್ಕವರೂ ಕಲಿತರು. ಪದವಿ ಬಂದ ಕೂಡಲೇ ಎಲ್ಲರೂ ಸಮನಾಗಿ ಆಲಸಿಗಳಾದೆವು. ಗವಂಡಿಯ ಮಗ ಪದವೀಧರನಾದರೆ ಮೊದಲು ಬಚ್ಚಿಡುವುದು ತಂದೆಯ ಕರಣಿಯನ್ನು. ಇದನ್ನು ನಾವು ಪ್ರಗತಿಯೆಂದು ಕರೆದು ಸತ್ಕಾರ ಸಮಾರಂಭ ಮಾಡುತ್ತೇವೆ.

ಕನ್ನಡದ ಪಂಡಿತನಿಗೆ ಇದು ತಕ್ಕದ್ದಲ್ಲವೆನ್ನುವವರು ಕನ್ನಡವನ್ನು ಓದಿಲ್ಲ. ಸುಮಾರು 1025ರಲ್ಲಿ, ಕಲ್ಯಾಣ ಚಾಲುಕ್ಯ ಜಯಸಿಂಹನ ಕಾಲದಲ್ಲಿ, ಎರಡನೆಯ ಚಾವುಂಡರಾಯನು ‘ಲೋಕೋಪಕಾರ’ವನ್ನು ಬರೆದನು. ಅದರಲ್ಲಿ ಏನಿದೆ? ಮನೆ ಕಟ್ಟುವ ಬಗೆಯಿದೆ, ನೆಲದೊಳಗಿನ ನೀರನ್ನು ಗುರುತಿಸುವ ಬಗೆಯಿದೆ, ಗಿಡಮರಗಳ ಆರೈಕೆಯಿದೆ, ಸುಗಂಧದ್ರವ್ಯ ಮಾಡುವುದಿದೆ, ಅಡಿಗೆಯಿದೆ, ಮದ್ದು ಇದೆ. ಇದೆಲ್ಲವೂ ಪದ್ಯದಲ್ಲಿ! ಆ ಕವಿಗೆ ಗೋಡೆಯೂ ಗಡಿಗೆಯೂ ಛಂದಸ್ಸಿಗೆ ಕಡಿಮೆಯೆಂದು ಕಾಣಲಿಲ್ಲ. ಒಂದು ಶತಮಾನದ ನಂತರ, 1129ರ ಸುಮಾರಿಗೆ, ಮೂರನೆಯ ಸೋಮೇಶ್ವರನೆಂಬ ಚಕ್ರವರ್ತಿಯೇ ‘ಮಾನಸೋಲ್ಲಾಸ’ದಲ್ಲಿ ಮನೆಯ ಸಂಗತಿಯನ್ನೂ ಅಡಿಗೆ-ಪಾನೀಯಗಳ ಸಂಗತಿಯನ್ನೂ ಬರೆಯಲು ನಾಚಲಿಲ್ಲ. ನಮ್ಮ ಏಕಸಂಬಿಯೇ ಏನು ಕಡಿಮೆ? ಶಿಲಾಹಾರ ವಿಜಯಾದಿತ್ಯನ ದಂಡನಾಯಕ ಕಾಳಣನು ಇಲ್ಲಿ ನೇಮಿನಾಥ ಬಸದಿಯನ್ನು ಕಟ್ಟಿಸಿದ ವಿಷಯ 1165ರ ಶಾಸನದಲ್ಲಿದೆ. ದಂಡನಾಯಕನ ಹೆಸರು ಕಲ್ಲಿನಲ್ಲಿ ಉಳಿಯಿತು. ಕಲ್ಲು ಹೊತ್ತವನ, ಗಾರೆ ಅರೆದವನ ಹೆಸರು ಉಳಿಯಲಿಲ್ಲ. ನಾವು ಆ ದಂಡನಾಯಕನ ಮಕ್ಕಳೆಂದು ತಿಳಿದು ನಡೆಯುತ್ತೇವೆ. ಲೆಕ್ಕ ಹಾಕಿದರೆ ಬಹುತರ ಗಾರೆಯವನ ಮಕ್ಕಳೇ ಇದ್ದೇವು.

“ನೀವು ಕರಣಿ ಹಿಡಿದರೆ ಬಡ ಗವಂಡಿಯ ಹೊಟ್ಟೆಯ ಮೇಲೆ ಹೊಡೆದಂತಲ್ಲವೇ?” ಎಂಬ ಪ್ರಶ್ನೆಯೂ ಬಂತು. ಕೇಳಿದವರು ಅದೇ ಗವಂಡಿಯ ಕೂಲಿಯಲ್ಲಿ ಐವತ್ತು ರೂಪಾಯಿಗಾಗಿ ಅರ್ಧ ತಾಸು ಚೌಕಾಶಿ ಮಾಡುವವರು. ನಾನು ಒಂದು ಗೋಡೆಯನ್ನು ಮುಗಿಸಲು ಒಂಬತ್ತು ದಿವಸ ತೆಗೆದುಕೊಂಡೆ. ಹೆಗಲು ಎತ್ತಲಾಗಲಿಲ್ಲ, ಬೆರಳ ಸಂದುಗಳನ್ನು ಸುಣ್ಣ ತಿಂದಿತು, ಮಟ್ಟಗೋಲು ಇಟ್ಟು ನೋಡಿದರೆ ಗೋಡೆ ನನ್ನ ಅಕ್ಷರದಂತೆ ಸೊಟ್ಟ. ಒಂದು ಗೋಡೆಯನ್ನು ತಾನೇ ಮಾಡಿದವನು ಮುಂದೆಂದೂ ಗವಂಡಿಯೊಡನೆ ಕೂಲಿಯ ಚೌಕಾಶಿ ಮಾಡಲಾರ. ಅವನ ಹೊಟ್ಟೆಗೆ ಇದಕ್ಕಿಂತ ದೊಡ್ಡ ಉಪಕಾರ ಯಾವುದಿದೆ?

ಇನ್ನು ಎರಡನೆಯ ಆರೋಪ. ಡ್ರಮ್ಮಿನಲ್ಲಿ ನಡೆದದ್ದಾದರೂ ಏನು? ಕಣ್ಣಿಗೆ ಕಾಣದ ಜೀವಿಗಳು ಬೆಲ್ಲದ ಸಿಹಿಯನ್ನು ತಿಂದು ಮದ್ಯಸಾರವನ್ನೂ ಇಂಗಾಲಾಮ್ಲ ವಾಯುವನ್ನೂ ಬಿಟ್ಟವು. ಆ ನೊರೆಯಲ್ಲಿ ಗಡಿಗೆ ಉಸಿರುಬಿಟ್ಟದ್ದು ಆ ವಾಯುವನ್ನೇ. ಸುಣ್ಣದ ಗೋಡೆ ತಿಂಗಳುಗಟ್ಟಲೆ ಗಾಳಿಯಿಂದ ಹೀರಿಕೊಂಡು ಮತ್ತೆ ಕಲ್ಲಾಗುವುದೂ ಅದೇ ವಾಯುವಿನಿಂದ. ಗೋಡೆಯ ರಸಾಯನವೂ ಗಡಿಗೆಯ ರಸಾಯನವೂ ಹೀಗೆ ಒಂದರ ಮಗ್ಗುಲಲ್ಲಿ ಒಂದು ಇವೆ. ದ್ರಾಕ್ಷಿಯಲ್ಲಿ ಇನ್ನೂ ಸುಲಭ: ಹಣ್ಣಿನ ಸಿಪ್ಪೆಯ ಮೇಲೆ ಆ ಜೀವಿಗಳು ತಾವಾಗಿಯೇ ಇರುತ್ತವೆ. ಹಣ್ಣನ್ನು ಕಿವುಚಿ ಗಡಿಗೆಯಲ್ಲಿಟ್ಟರೆ ಉಳಿದ ಕೆಲಸ ಅವುಗಳದು, ಕಾಯುವ ಕೆಲಸ ನಮ್ಮದು.

ನಮಗೆ ಮೂಡಲಲ್ಲಿ ಅಥಣಿ, ಅದರಾಚೆ ವಿಜಯಪುರ, ದ್ರಾಕ್ಷಿಯ ಸೀಮೆ. ಅಕಾಲ ಮಳೆ ಬಿದ್ದು ಹಣ್ಣು ಬಿರಿದರೆ ಮಾರುಕಟ್ಟೆ ಅದನ್ನು ಮುಟ್ಟುವುದಿಲ್ಲ. ಒಣದ್ರಾಕ್ಷಿಗೂ ಬಾರದ ಹಣ್ಣನ್ನು ರೈತ ತಿಪ್ಪೆಗೆ ಸುರಿಯುತ್ತಾನೆ. ಅದರಲ್ಲಿ ಒಂದು ಬುಟ್ಟಿಯನ್ನು ಮನೆಗೆ ತಂದು ಗಡಿಗೆಗೆ ಹಾಕಿದರೆ? ಹಾಕುವಂತಿಲ್ಲ. ಕರ್ನಾಟಕ ಅಬಕಾರಿ ಕಾಯ್ದೆ, 1965ರ ಪ್ರಕಾರ ಪರವಾನಿಗೆಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ನೆರೆಯ ಕೇರಳದಲ್ಲಿಯೂ 2019ರ ಕ್ರಿಸ್‌ಮಸ್ಸಿನ ಹೊತ್ತಿಗೆ, ಮನೆಯಲ್ಲಿ ವೈನು ಮಾಡುವುದು ಅಪರಾಧವೆಂದು ಅಬಕಾರಿ ಇಲಾಖೆ ಎಚ್ಚರಿಕೆ ಕೊಟ್ಟಿತು. ನಾನು ಕಾನೂನಿಗೆ ತಲೆಬಾಗುವವನು. ದ್ರಾಕ್ಷಿಯ ಗಡಿಗೆಯನ್ನು ಇಟ್ಟಿಲ್ಲ. ಆದರೆ ತಲೆಬಾಗುವುದೇ ಬೇರೆ, ಬಾಯಿ ಮುಚ್ಚುವುದೇ ಬೇರೆ.

ಈ ಕಾನೂನಿನ ಆಜೂಬಾಜು ಏನು ನಡೆದಿದೆ ನೋಡಿರಿ. ನಮ್ಮ ಸೀಮೆಯ ಕಬ್ಬು ಕಾರಖಾನೆಗೆ ಹೋಗುತ್ತದೆ. ಸಕ್ಕರೆ ತೆಗೆದು ಉಳಿದ ಕಾಕಂಬಿಯಿಂದ ಸ್ಪಿರಿಟ್ಟು ಬರುತ್ತದೆ. ಅದಕ್ಕೆ ಬಣ್ಣ, ವಾಸನೆ ಸೇರಿ ವಿಸ್ಕಿಯೆಂಬ ಹೆಸರು ಬರುತ್ತದೆ. ಸರಕಾರದ ಪರವಾನಿಗೆಯ ಅಂಗಡಿಯಲ್ಲಿ ಅದು ನಮ್ಮ ಹುಡುಗರಿಗೇ ಮರಳಿ ಸಿಗುತ್ತದೆ. 2025-26ರ ಮುಂಗಡಪತ್ರದಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿಗಳ ಗುರಿಯನ್ನು ರಾಜ್ಯ ಇಟ್ಟುಕೊಂಡಿತು. ದೊಡ್ಡ ವೈನರಿಗಳಿಗೆ ಉತ್ತೇಜನ ಕೊಡಲು 2007ರಲ್ಲಿಯೇ ಒಂದು ನೀತಿ ಬಂತು. ಸಂವಿಧಾನದ 47ನೆಯ ವಿಧಿಯಾದರೋ ಪಾನನಿಷೇಧಕ್ಕೆ ಪ್ರಯತ್ನಿಸಿರೆಂದು ಸರಕಾರಕ್ಕೆ ಹೇಳುತ್ತದೆ! ಅಂಗಡಿಗೆ ಅಡ್ಡಬಾರದ ಈ ನೀತಿ ಅಡಿಗೆಮನೆಯ ಗಡಿಗೆಯ ಮುಂದೆ ಮಾತ್ರ ಲಾಠಿ ಹಿಡಿದು ನಿಲ್ಲುತ್ತದೆ.

ಮನೆಯಲ್ಲಿ ಮಾಡಿದರೆ ವಿಷವಾದೀತೆಂಬ ಭಯವನ್ನು ಮುಂದೊಡ್ಡುತ್ತಾರೆ. ಕಳ್ಳಭಟ್ಟಿಯ ದುರಂತಗಳಲ್ಲಿ ಜನ ಸಾಯುವುದು ಹೆಚ್ಚಾಗಿ ಕಾರಖಾನೆಯ ಮೆಥನಾಲು ಬೆರೆಸಿದ ದ್ರವದಿಂದ. ಬರೀ ಹಣ್ಣು ಹುಳಿತ ರಸದಲ್ಲಿ ಆ ವಿಷ ಪ್ರಾಣಕ್ಕೆ ಕುತ್ತಾಗುವಷ್ಟು ಇರುವುದಿಲ್ಲ. ಇಷ್ಟಕ್ಕೂ ಬಾಣಂತಿಗೆ ದಶಮೂಲಾರಿಷ್ಟ, ಮುದುಕರಿಗೆ ದ್ರಾಕ್ಷಾಸವ ಕೊಡದ ಮನೆ ಯಾವುದು? ಅವು ಹುಳಿತೇ ಆದವುಗಳು. ಅವುಗಳಲ್ಲಿ ತಾನಾಗಿ ಹುಟ್ಟಿದ ಮದ್ಯಸಾರ ಇದೆ. ಬಾಟಲಿಗೆ ಚೀಟಿ ಹಚ್ಚಿದರೆ ಔಷಧ, ಗಡಿಗೆಗೆ ಅರಿವೆ ಕಟ್ಟಿದರೆ ಅಪರಾಧ! ಬ್ರಿಟನ್ನಿನಲ್ಲಿ ಮನೆಬಳಕೆಗೆ ಬಿಯರು ಮಾಡಲು 1963ರಿಂದ ಪರವಾನಿಗೆ ಬೇಕಿಲ್ಲ. ಅಮೇರಿಕೆಯಲ್ಲಿ ಇಬ್ಬರು ವಯಸ್ಕರಿರುವ ಮನೆಯೊಂದು ವರ್ಷಕ್ಕೆ 200 ಗ್ಯಾಲನ್ ವೈನನ್ನು, ಮಾರದೆ, ತೆರಿಗೆಯಿಲ್ಲದೆ ಮಾಡಿಕೊಳ್ಳಬಹುದು. ಅಷ್ಟು ನಮಗೆ ಬೇಡ. ಹತ್ತು ಲೀಟರು ಸಾಕು.

ಇಲ್ಲಿಯವರೆಗೆ ನನ್ನ ವಾದ ಸರಾಗವಾಗಿ ಬಂತು. ಆದರೆ ಅದನ್ನು ನಿಲ್ಲಿಸಿದವಳು ನನ್ನ ತಾಯಿ. ನನ್ನ ಕಾಕಾ, ಎಂದರೆ ಅವಳ ಮೈದುನ, ಕುಡಿದು ಕುಡಿದು ನಲವತ್ತೊಂದಕ್ಕೇ ಸತ್ತ. ಮೊದಲು ಸಾರಾಯಿ, 2007ರ ಜುಲೈ ಒಂದರಿಂದ ರಾಜ್ಯದಲ್ಲಿ ಸಾರಾಯಿ ಬಂದಾದ ಮೇಲೆ ಅಂಗಡಿಯ ಬಾಟಲಿ. ಅವನನ್ನು ಓಣಿಯ ಗಟಾರದಿಂದ ಎತ್ತಿ ತಂದು ಮೈ ತೊಳೆದವಳು ಅವ್ವ. ನಾನು ಈ ಲೇಖನದ ವಿಷಯ ಹೇಳಿದಾಗ ಅವಳು ಅಕ್ಕಿ ಆರಿಸುತ್ತಿದ್ದವಳು ತಲೆಯೆತ್ತಲಿಲ್ಲ. “ಅಂಗಡ್ಯಾಗಿಂದು ಕುಡದು ಸತ್ತ. ಮನ್ಯಾಗ ಗಡಿಗಿ ಇದ್ದಿದ್ರ ಉಳೀತಿದ್ದೇನ ಅಂವಾ? ಇನ್ನ ಲಗೂನ ಹೋಗತಿದ್ದ” ಎಂದಳು.

2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿನವರೆಗೆ ಮದ್ಯನಿಷೇಧ ಬೇಡಿ ನಡೆದುಹೋದ ಸಾವಿರಾರು ಹೆಂಗಸರು ಹೇಳಿದ್ದೂ ಇದನ್ನೇ. ಇದಕ್ಕೆ ಪುಸ್ತಕದ ಉತ್ತರ ಸಾಲದು. ಕಾಕಾನಂಥವರಿಗೆ ಯಾವ ಗಡಿಗೆಯೂ ಹಿತವಲ್ಲ, ಮನೆಯದೂ ಅಲ್ಲ, ಅಂಗಡಿಯದೂ ಅಲ್ಲ. ಅದನ್ನು ಒಪ್ಪುತ್ತೇನೆ. ಆದರೆ ಅವ್ವನ ಮಾತನ್ನು ಕೊನೆಯವರೆಗೆ ಒಯ್ದರೆ ಅದು ಎಲ್ಲಿಗೆ ಮುಟ್ಟುತ್ತದೆ? ಅವನಿಗೆ ಬೇಡವೆನ್ನುವ ಅಧಿಕಾರ ಅವಳಿಗೆ ಎಲ್ಲಿಯೂ ಇರಲಿಲ್ಲ ಎಂಬಲ್ಲಿಗೆ. ಅಂಗಡಿ ಎಲ್ಲಿರಬೇಕೆಂದು ಅವಳನ್ನು ಯಾರೂ ಕೇಳಲಿಲ್ಲ. ಗಡಿಗೆ ಮನೆಯಲ್ಲಿರಬಾರದೆಂದೂ ಅವಳನ್ನು ಕೇಳಿ ಕಾನೂನು ಮಾಡಲಿಲ್ಲ. ಎರಡೂ ತೀರ್ಮಾನ ಬೇರೆಯವರವೇ.

ಆದುದರಿಂದ ನನ್ನ ಬೇಡಿಕೆ ಇಷ್ಟು. ಮನೆಬಳಕೆಗೆಂದು, ಬಟ್ಟಿ ಇಳಿಸದೆ, ಒಂದು ಹನಿಯನ್ನೂ ಮಾರದೆ, ವರ್ಷಕ್ಕೆ ಹತ್ತು ಲೀಟರು ಹಣ್ಣಿನ ವೈನು ಮಾಡಿಕೊಳ್ಳಲು ಕಾಯ್ದೆಯಲ್ಲಿ ಅವಕಾಶವಾಗಲಿ; ಆ ಅವಕಾಶ ಮನೆಯ ಹಿರಿಯ ಹೆಂಗಸಿನ ಹೆಸರಿನಲ್ಲಿಯೇ ಇರಲಿ, ಅವಳು ಒಲ್ಲೆನೆಂದರೆ ಗಡಿಗೆ ಇಲ್ಲ. ಜತೆಗೆ, ಊರಿನ ಹೆಂಗಸರು ಕೂಡಿ ಬೇಡವೆಂದರೆ ಆ ಊರಿನಲ್ಲಿ ಅಂಗಡಿಗೆ ಪರವಾನಿಗೆ ಸಿಗಕೂಡದು. ಎರಡನ್ನೂ ಒಟ್ಟಿಗೆ ಕೊಡಲಿ. ಮೊದಲನೆಯದನ್ನಷ್ಟೇ ಕೊಡುವುದಾದರೆ ನನಗೂ ಬೇಡ.

ಮತ್ತು ಶಾಲೆಗಳಲ್ಲಿ, ಕಾಲೇಜುಗಳಲ್ಲಿ ವಾರಕ್ಕೆ ಒಂದು ತಾಸು ಕರಣಿ, ಗರಗಸ, ಪಾನಾಗಳ ಪಾಠವಿರಲಿ. ಕಲಿಸಲು ಊರಿನ ಗವಂಡಿಯನ್ನೂ ಬಡಿಗನನ್ನೂ ಗುರುಗಳೆಂದು ಕರೆದು ಕುರ್ಚಿ ಕೊಡಲಿ. ನಾನು ಮೊದಲೇ ಹೇಳಿದ ಒಂದೇ ಬೇರು ಇದು: ಗೋಡೆಯಿರಲಿ, ಗಡಿಗೆಯಿರಲಿ, ಸ್ವಂತ ಮನೆಯನ್ನು ಸ್ವಂತ ಕೈಯಿಂದ ನಡೆಸಬಹುದೆಂಬ ನಂಬಿಕೆಯನ್ನೇ ನಾವು ಕಳೆದುಕೊಂಡಿದ್ದೇವೆ. ಹಾಗೆ ನಡೆಸುವವನನ್ನು ಕಂಡರೆ ಗುತ್ತಿಗೆದಾರನಿಗೂ ಸರಕಾರಕ್ಕೂ ನೆರೆಯವರಿಗೂ ಒಂದೇ ಬಗೆಯ ಸಂಶಯ.

ಗೋಡೆ ಈ ಮಳೆಗಾಲವನ್ನು ದಾಟಿತು. ಎರಡು ಕಡೆ ಕೂದಲೆಳೆಯಷ್ಟು ಬಿರುಕಿದೆ. ಮುದಿ ಗವಂಡಿ ಬಂದು ನೋಡಿ, “ಮೊದಲನೇ ಗ್ವಾಡಿ ಹಿಂಗ ಇರತೈತ್ರಿ” ಎಂದ. ಭಟ್ಟಿಯ ಸುದ್ದಿ ತಂದ ಸಹೋದ್ಯೋಗಿಗಳು ಮೊನ್ನೆ ಸಂಜೆ ಮನೆಗೆ ಬಂದಿದ್ದರು. ಗೋಡೆಯನ್ನು ಸವರಿ ನೋಡಿ, ತಮ್ಮ ಮನೆಯ ಪಡಸಾಲೆಯಲ್ಲಿಯೂ ಸಿಮೆಂಟು ಉದುರುತ್ತಿದೆಯೆಂದು ಮೆಲ್ಲಗೆ ಹೇಳಿದರು. ಅರ್ಧ ಗಡಿಗೆ ಸುಣ್ಣ ಇನ್ನೂ ನೀರಿನಲ್ಲಿದೆ. ರವಿವಾರ ಬರುತ್ತೇನೆಂದಿದ್ದೇನೆ, ಕರಣಿಯನ್ನು ಅವರೇ ಹಿಡಿಯಬೇಕೆಂಬ ಕರಾರಿನ ಮೇಲೆ.