ಹಿರಿಯರು ಬೀಳುವುದಕ್ಕೆ ವಯಸ್ಸೊಂದೇ ಕಾರಣವೇ?

ಮನೆಯ ಹಿರಿಯರೊಬ್ಬರು ಅಂಗಳದಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡರೆಂಬ ಸುದ್ದಿ ಬಂದಾಗ ನಮ್ಮಲ್ಲಿ ಹೊರಡುವ ಮೊದಲ ಮಾತು 'ವಯಸ್ಸಾಗಿತ್ತಲ್ಲ' ಎಂಬುದು. ಎರಡನೆಯದು 'ಅಲ್ಲಾಹನ ವಿಧಿ'. ಎರಡನ್ನೂ ನಾವು ಅಲ್ಲಗಳೆಯುವುದಿಲ್ಲ. ಆದರೆ ಅವರು ಜಾರಿದ ಕಲ್ಲಿಗೆ ಪಾಚಿ ಕಟ್ಟಿ ಎಷ್ಟು ಮಳೆಗಾಲ ಕಳೆದಿತ್ತು, ಹಿತ್ತಲಿನ ಬಲ್ಬು ಕೆಟ್ಟು ಎಷ್ಟು ದಿನವಾಗಿತ್ತು ಎಂಬುದನ್ನು ಯಾರೂ ಕೇಳುವುದಿಲ್ಲ.

ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 6,84,000 ಮಂದಿ ಬಿದ್ದು ಸಾಯುತ್ತಾರೆ. ಅವರಲ್ಲಿ ಶೇ. 80ಕ್ಕಿಂತ ಹೆಚ್ಚಿನವರು ಬಡ ಮತ್ತು ಮಧ್ಯಮ ಆದಾಯದ ದೇಶಗಳವರು. ಆಕಸ್ಮಿಕ ಗಾಯದ ಸಾವುಗಳಲ್ಲಿ ರಸ್ತೆ ಅಪಘಾತದ ನಂತರದ ಸ್ಥಾನ ಇದಕ್ಕೆ. ರಸ್ತೆ ಅಪಘಾತಗಳ ಬಗ್ಗೆ ಪತ್ರಿಕೆಗಳು ಪುಟಗಟ್ಟಲೆ ಬರೆಯುತ್ತವೆ. ಅಂಗಳದಲ್ಲಿ ಆಗುವ ಸಾವು ಸುದ್ದಿಯೂ ಆಗುವುದಿಲ್ಲ.

ನಮ್ಮ ಓದುಗರಲ್ಲಿ ಅನೇಕರು ಮೈಸೂರು, ಬೆಂಗಳೂರುಗಳಲ್ಲಿ ನೆಲೆಸಿದವರು, ತಂದೆತಾಯಿಯನ್ನು ಊರಿನಲ್ಲಿ ಬಿಟ್ಟು ಬಂದವರು. ತಿರುಮಕೂಡಲು ನರಸೀಪುರದ ಕಡೆಯ ಹೆಮ್ಮಿಗೆಯಂತಹ ಊರಿನ ಹಳೆಯ ಮನೆಯೊಂದನ್ನು ಅವರು ನೆನಪಿಗೆ ತಂದುಕೊಳ್ಳಲಿ. ಮುಂದೆ ಜಗುಲಿ, ಜಗುಲಿಯಿಂದ ಬೀದಿಗೆ ಮೂರೋ ನಾಲ್ಕೋ ಮೆಟ್ಟಿಲು. ಹಿಂದೆ ಹಿತ್ತಲು, ಬಟ್ಟೆ ಒಗೆಯುವ ಕಲ್ಲು, ಅದನ್ನೂ ದಾಟಿದ ಮೇಲೆ ಶೌಚಾಲಯ. ಬೀದಿಗೆ ಕಾಂಕ್ರೀಟ್ ಹಾಕಿದ ಪ್ರತಿ ಸಲವೂ ರಸ್ತೆ ಅಷ್ಟು ಎತ್ತರವಾಗುತ್ತದೆ, ಕೊನೆಯ ಮೆಟ್ಟಿಲು ಅರ್ಧ ಹೂತುಹೋಗುತ್ತದೆ. ಮೇಲಿನವು ಒಂದು ಅಳತೆ, ಕೆಳಗಿನದು ಇನ್ನೊಂದು. ಕಣ್ಣು ಮಂಜಾದವರು ಕಾಲಿನ ನೆನಪನ್ನು ನಂಬಿ ಇಳಿಯುತ್ತಾರೆ, ಮುಗ್ಗರಿಸುವುದು ಅಲ್ಲಿಯೇ. ಇನ್ನು ರಾತ್ರಿ ಎರಡು ಗಂಟೆಗೆ ಮೂತ್ರಕ್ಕೆಂದು ಎದ್ದ ಮಧುಮೇಹಿ ತಾಯಿ, ಸವೆದ ಹವಾಯಿ ಚಪ್ಪಲಿ ಮೆಟ್ಟಿಕೊಂಡು, ಮೇಕೆಯ ಹಗ್ಗವನ್ನೂ ನೀರಿನ ಪೈಪನ್ನೂ ದಾಟಿ ಕತ್ತಲೆಯಲ್ಲಿ ಹಿತ್ತಲಿಗೆ ನಡೆಯಬೇಕು. ಶೌಚಾಲಯ ಕಟ್ಟಿಸಿದ್ದೇವೆಂದು ತೃಪ್ತಿಪಡುವ ಮಕ್ಕಳು ಅದರವರೆಗಿನ ದಾರಿಯನ್ನು ಒಮ್ಮೆ ರಾತ್ರಿಯಲ್ಲಿ ನಡೆದು ನೋಡಿದ್ದಾರೆಯೇ?

ಪಟ್ಟಣದ ಮನೆಗಳೂ ಇದಕ್ಕಿಂತ ಮೇಲೇನಲ್ಲ. ಕನ್ನಡಿಯಂತೆ ಹೊಳೆಯುವ ಗ್ರಾನೈಟ್ ಮೆಟ್ಟಿಲು, ಗೇಟಿನ ಬಳಿ ಬೈಕು ಹತ್ತಿಸಲು ಕಡಿದಾದ ಇಳಿಜಾರು, ಅಲುಗಾಡುವ ಚರಂಡಿಯ ಚಪ್ಪಡಿ. ಶೋಭೆಗೆ ಲಕ್ಷಗಟ್ಟಲೆ ಸುರಿದವರಿಗೆ ಮೆಟ್ಟಿಲಿನ ಪಕ್ಕ ಒಂದು ಕಬ್ಬಿಣದ ಕೊಳವೆ ನೆಡಿಸುವುದು ಮಾತ್ರ ದುಂದುವೆಚ್ಚವಾಗಿ ಕಾಣುತ್ತದೆ!

ಮಾಡಬೇಕಾದದ್ದು ದೊಡ್ಡದೇನೂ ಇಲ್ಲ. ಗಾರೆಯವನ ಒಂದು ದಿನದ ಕೆಲಸದಲ್ಲಿ ಮೆಟ್ಟಿಲುಗಳನ್ನು ಒಂದೇ ಅಳತೆಗೆ ತರಬಹುದು. ಸಿಮೆಂಟನ್ನು ನುಣುಪಾಗಿಸದೆ ಪೊರಕೆಯಿಂದ ಗೀರಿ ಒರಟಾಗಿ ಬಿಡಲು ಹೇಳಬೇಕು. ಪ್ರತಿ ಮೆಟ್ಟಿಲಿನ ಅಂಚಿಗೆ ಬಿಳಿ ಬಣ್ಣದ ಪಟ್ಟಿ, ಹಿಡಿದುಕೊಳ್ಳಲು ಗಟ್ಟಿಯಾದ ಕೊಳವೆ, ಹಿತ್ತಲಿನ ದೀಪದ ಸ್ವಿಚ್ಚು ಮಲಗುವ ಕೋಣೆಯ ಒಳಗೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಬ್ಲೀಚಿಂಗ್ ಪೌಡರ್ ಹಾಕಿ ಪಾಚಿ ಉಜ್ಜಿ ತೊಳೆಯಬೇಕು, ತೊಳೆದದ್ದು ಒಣಗುವವರೆಗೆ ಹಿರಿಯರನ್ನು ಆ ಕಡೆ ಬಿಡಬಾರದು.

ಬಿದ್ದವರ ವಿಷಯದಲ್ಲಿ ಕುಟುಂಬಗಳು ಮಾಡುವ ಇನ್ನೊಂದು ತಪ್ಪಿದೆ. ಒಮ್ಮೆ ಬಿದ್ದರೆಂದರೆ ಸಾಕು, 'ಇನ್ನು ಹೊಸ್ತಿಲು ದಾಟಬೇಡಿ' ಎಂಬ ಆಜ್ಞೆ ಹೊರಡುತ್ತದೆ. ಪ್ರೀತಿಯಿಂದಲೇ ಹೊರಡುತ್ತದೆ, ನಿಜ. ಆದರೆ ಕುಳಿತಲ್ಲೇ ಕುಳಿತ ಕಾಲುಗಳ ಸ್ನಾಯುಗಳು ಸೊರಗುತ್ತವೆ, ಮೈಗೆ ಬಿಸಿಲು ಬೀಳದೆ ವಿಟಮಿನ್ ಡಿ ಕಡಿಮೆಯಾಗಿ ಮೂಳೆ ಮೆತ್ತಗಾಗುತ್ತದೆ, ಮುಂದಿನ ಬೀಳುವಿಕೆ ಇನ್ನಷ್ಟು ಸಮೀಪವಾಗುತ್ತದೆ. ಋತುಬಂಧದ ನಂತರ ಮೂಳೆ ಬೇಗ ಸವೆಯುವುದರಿಂದ, ನಮ್ಮ ಮನೆಗಳಲ್ಲಿ ಮೊದಲೇ ಒಳಗೆ ಉಳಿಯುವ ಹಿರಿಯ ಹೆಂಗಸರಿಗೆ ಈ ನಿರ್ಬಂಧ ದುಪ್ಪಟ್ಟು ಹಾನಿ. ಅವರನ್ನು ತಡೆಯುವ ಬದಲು ಅಂಗಳವನ್ನು ಸರಿಪಡಿಸಿ ನಡೆಯಲು ಬಿಡಬೇಕು. ಜೊತೆಗೆ ಅವರ ಮಾತ್ರೆಗಳನ್ನೆಲ್ಲ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸುವುದು ಒಳಿತು. ರಕ್ತದೊತ್ತಡದ ಮತ್ತು ನಿದ್ರೆಯ ಮಾತ್ರೆಗಳು ಎದ್ದು ನಿಂತಾಗ ತಲೆ ಸುತ್ತಿಸುವುದುಂಟು. ಕಣ್ಣಿನ ಪೊರೆಯನ್ನು ಸರಕಾರಿ ಕಾರ್ಯಕ್ರಮದಲ್ಲಿ ಉಚಿತವಾಗಿ ತೆಗೆಯುತ್ತಾರೆ.

ಬಿದ್ದವರಿಗೆ ಕಾಲೂರಲು ಆಗದಿದ್ದರೆ, ಒಂದು ಕಾಲು ಗಿಡ್ಡವಾಗಿ ಹೊರಕ್ಕೆ ತಿರುಗಿದಂತೆ ಕಂಡರೆ, ಎತ್ತಿ ನಿಲ್ಲಿಸುವುದಾಗಲಿ ಎಣ್ಣೆ ತಿಕ್ಕಿಸುವುದಾಗಲಿ ಸಲ್ಲದು. ತಡಮಾಡದೆ 108ಕ್ಕೆ ಕರೆ ಮಾಡಬೇಕು. ಸೊಂಟದ ಮೂಳೆ ಮುರಿದು ಹಾಸಿಗೆ ಹಿಡಿದವರನ್ನು ಕೊಲ್ಲುವುದು ಹಲವು ಬಾರಿ ಆ ನಂತರ ಬರುವ ನ್ಯುಮೋನಿಯಾ ಮತ್ತು ಹಾಸಿಗೆ ಹುಣ್ಣುಗಳು.

ಬೀದಿದೀಪ, ಚರಂಡಿಯ ಮುಚ್ಚಳ, ರಸ್ತೆಯ ಮಟ್ಟ ಇವು ಗ್ರಾಮ ಪಂಚಾಯತಿಯ ಹೊಣೆ. ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳುವ ಹಕ್ಕು ನಮಗಿದೆ; ನಮ್ಮವರು ಅಲ್ಲಿಗೆ ಹೋಗುವುದೇ ಅಪರೂಪ. ಆದರೆ ಮಸೀದಿ ನಮ್ಮದೇ ಆಡಳಿತದಲ್ಲಿದೆ. ಫಜ್ರ್‌ನ ಕತ್ತಲೆಯಲ್ಲಿ ಮಸೀದಿಗೆ ತಪ್ಪದೆ ಬರುವವರಲ್ಲಿ ಹೆಚ್ಚಿನವರು ವೃದ್ಧರು. ಅವರಿಗಾಗಿ ನಾವು ಇಟ್ಟಿರುವುದು ಒದ್ದೆ ಟೈಲ್ಸ್ ಹಾಸಿದ ವುಝೂ ಕಟ್ಟೆ, ಹಿಡಿಯಲು ಏನೂ ಇಲ್ಲದ ಮೆಟ್ಟಿಲು, ಬಾಗಿಲಲ್ಲಿ ಚೆಲ್ಲಾಡಿದ ಚಪ್ಪಲಿಗಳ ರಾಶಿ. ಮಿನಾರಕ್ಕೆ ಬಣ್ಣ ಬಳಿಸಲು ಚಂದಾ ಎತ್ತುವ ಸಮಿತಿಗಳು ಮುಂದಿನ ಶುಕ್ರವಾರದೊಳಗೆ ವುಝೂ ಕಟ್ಟೆಯ ಬಳಿ ಒಂದು ಕೈಹಿಡಿ, ಜಾರದ ರಬ್ಬರ್ ಚಾಪೆ ಮತ್ತು ಕುಳಿತು ಕಾಲು ತೊಳೆಯಲು ನಾಲ್ಕು ಎತ್ತರದ ಸ್ಟೂಲುಗಳನ್ನು ಹಾಕಿಸಲಿ.